ಕಾಕಾನ ಕಾರಿನ ಹಲ್ಲು

ನಮ್ಮ ಕಾಕಾ ರೋಣ ಬಿಟ್ಟರೆ ನಮ್ಮೂರು ಗಜೇಂದ್ರಗಡದ ನಾಯಿಗಳಿಗೆ ಗೊತ್ತಾಗುತ್ತಿತ್ತು! ಇದು ಸ್ವಲ್ಪ ಹೆಚ್ಚಾಯಿತು ಅನ್ನುತ್ತೀರಾ? ಇರಲಿ, ನಡುದಾರಿಯ ಮುಶಿಗೇರಿ ದಾಟಿದ ಮೇಲಾದರೂ ಗೊತ್ತಾಗುತ್ತಿತ್ತು. ಅವನ ಕಾರಿನ ಗಿಯರ್ ಬದಲಾಗುವಾಗ ಬರುತ್ತಿದ್ದ ಸದ್ದನ್ನು ಬರೆದು ತೋರಿಸಲು ನಮ್ಮ ಅಕ್ಷರಗಳು ಸಾಲವು. ನಾನು 'ಕರ್ರ್ರ್' ಎಂದು ಬರೆಯುತ್ತೇನೆ, ಉಳಿದದ್ದನ್ನು ನೀವೇ ಹಲ್ಲು ಕಡಿದು ಪೂರ್ತಿ ಮಾಡಿಕೊಳ್ಳಿ.

ಕಾಕಾ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಊಟಕ್ಕೆ ಕೂತರೆ ಎರಡನೆಯ ರೊಟ್ಟಿಯನ್ನು ಅಂಗಳದಲ್ಲಿ ತಿರುಗಾಡುತ್ತಾ ತಿನ್ನುತ್ತಿದ್ದ. ಕ್ಷೌರಕ್ಕೆ ಕೂತರೆ ಅರ್ಧ ಗಡ್ಡದಲ್ಲೇ ಎದ್ದು ಬೀದಿ ನೋಡಿ ಬರುತ್ತಿದ್ದ. ಅವನನ್ನು ಒಂದು ಕಡೆ ಕೂಡಿಸಿದ್ದು ಮಗ್ಗ ಒಂದೇ. ಅದೂ ಯಾಕೆ? ಅಲ್ಲಿ ಕೂತರೂ ಕಾಲು ಸುಮ್ಮನಿರುವ ಹಾಗಿಲ್ಲವಲ್ಲ! ತಾನೇ ನೇಯ್ದ ಸೀರೆಗಳನ್ನು ಹೊತ್ತುಕೊಂಡು ರೋಣ, ನರಗುಂದ ಎಂದು ತಿರುಗುತ್ತಿದ್ದವನು, ಒಮ್ಮೆ ಮುಂಬಯಿಗೆ ಹೋದ. ಹೋಗುವಾಗ ಸೀರೆಯ ಗಂಟು ಒಯ್ದಿದ್ದ. ಬರುವಾಗ ಹೊಚ್ಚ ಹೊಸ ಕೆಂಪು ಕಾರು ತಂದ!

ಐವತ್ತರ ದಶಕದ ಮಾತಿದು. ನಮ್ಮ ಓಣಿ ಅಲ್ಲಿಯವರೆಗೆ ಕಂಡಿದ್ದ ಮೋಟಾರುಗಳಿಗೆಲ್ಲ ಮೇಲೆ ಮಾಡು ಇರುತ್ತಿತ್ತು. ಇದಕ್ಕೆ ಮಾಡೂ ಇಲ್ಲ, ಹಿಂದೆ ಸೀಟೂ ಇಲ್ಲ. ಮನೆ ತುಂಬ ಮಂದಿ ಇರುವಲ್ಲಿಗೆ ಎರಡು ಸೀಟಿನ ರೇಸಿನ ಕಾರು! ಅಜ್ಜಿ ಅದನ್ನು ಒಂದು ಸುತ್ತು ಹಾಕಿ ನೋಡಿ ಕೇಳಿದಳು:

"ಉಳದವ್ರು ಎಲ್ಲಿ ಕೂಡಬೇಕೋ?"

"ಉಳದವ್ರು ಮನ್ಯಾಗ ಕೂಡ್ರಿ. ಇದು ನನಗ, ಮತ್ತ ಇಕಿಗೆ," ಎಂದು ಕಾಕಾ ಎಲ್ಲರೆದುರಿಗೇ ಚಿಗವ್ವನ ಕಡೆ ಬೆರಳು ತೋರಿಸಿಬಿಟ್ಟ.

ಹಿರಿಯರ ಮುಂದೆ ಹೆಂಡತಿಯ ಹೆಸರೆತ್ತದ ಕಾಲ! ಅಜ್ಜ ಕೆಮ್ಮಿದ. ಚಿಗವ್ವ ಮಾತ್ರ ಸುಮ್ಮನೆ ನಿಂತಿದ್ದಳು, ಅವಳಿಗೆ ಕೇಳಿಸಿರಲಿಲ್ಲ. ಮಗ್ಗಗಳ ಸದ್ದಿನ ನಡುವೆ ಕೂತು ನೂಲು ಸುತ್ತಿ ಸುತ್ತಿ ಅವಳ ಕಿವಿ ಮಂದವಾಗುತ್ತಾ ಬಂದಿತ್ತು. ಎದುರಿಗೆ ಹೋಗಿ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಕಾಕಾ ದಿನಾ ಸಂಜೆ ಹೊಸ್ತಿಲಲ್ಲಿ "ಏ, ಬಂದೀನಿ!" ಎಂದು ಕೂಗುವುದು, ಅವಳು ತಿರುಗದಿರುವುದು, ಅವನ ಮುಖ ಸಣ್ಣಗಾಗುವುದು ನಮಗೆಲ್ಲ ರೂಢಿಯಾಗಿಹೋಗಿತ್ತು. ಆದರೆ ಅವನಿಗೆ ರೂಢಿಯಾಗಿರಲಿಲ್ಲ.

ಮರುದಿನ ಸಂಜೆ ಕಾರು ಓಣಿಗೆ ಬಂದಾಗ ಅಂಥ ಚಿಗವ್ವನಿಗೂ ಈ ಕರ್ರ್ರ್ ಕೇಳಿಸಿತು ನೋಡಿ! ಅಡುಗೆಮನೆಯಿಂದ ಹೊರಗೆ ಬಂದಳು. ಆಮೇಲೆ ಕಾಕಾ ಎದುರಿಗೆ ನಿಂತು ಕಾರು ಹತ್ತೆಂದು ಕೈಸನ್ನೆ ಮಾಡಿದಾಗ ಖಡಾಖಂಡಿತ ಹೇಳಿದಳು:

"ಹಲ್ಲು ಕಡಿಯೂ ಗಾಡ್ಯಾಗ ನಾ ಕೂಡಂಗಿಲ್ರಿ. ಹಲ್ಲು ಕಡದ್ರ ಮನಿಗೆ ಚಲೋ ಅಲ್ಲ. ಅದನ್ನ ನಿಂದ್ರಸ್ರಿ, ಕೊಣ್ಣೂರತನಾ ನಿಮ್ಮ ಬಾಜೂ ಕೂತು ಬರ್ತೀನಿ."

ಕೊಣ್ಣೂರು ಅವಳ ತವರು, ಮನೆ ಮಾತ್ರ ಊರಾಚೆ, ಹೊಳೆಯ ಆ ದಂಡೆಗೆ. ಮುಗಿಯಿತು! ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಲಪ್ರಭೆಯ ಸೇತುವೆ ದಾಟಿ ಮಾವನ ಅಂಗಳದಲ್ಲಿ ಇಳಿಯಬೇಕು, ಕಾಕಾನಿಗೆ ಬೇರೆ ಧ್ಯಾನವೇ ಉಳಿಯಲಿಲ್ಲ. ಅಲ್ಲಿಯವರೆಗೆ ಆ ಖಾಲಿ ಸೀಟಿನಲ್ಲಿ ಕೂಡುವ ಬಲಿಪಶು ಯಾರು? ಆಗಷ್ಟೇ ಮಾಸ್ತರಿಕೆಗೆ ಸೇರಿದ್ದ ನಾನು!

ರೋಣದ ಪೇಟೆಯಲ್ಲಿ ಒಂದು ದಿನ ಕಾಕಾ ಗಿಯರ್ ಎಳೆದ ರಭಸಕ್ಕೆ ಎತ್ತೊಂದು ಕೊರಳ ಹಗ್ಗ ಹರಿದುಕೊಂಡಿತು. ಅದರ ಒಡೆಯ ಬೈಯಲಿಲ್ಲ. ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ಸಾವಕಾರ್ರ, ಒಂದು ಸೇರು ಜ್ವಾಳ ತರ್ಲೇನ್ರಿ? ಬೀಸಿ ಕೊಡ್ತೀರಿ?"

ಕೊನೆಗೆ ನರಗುಂದದಲ್ಲಿ ಒಬ್ಬ ಬಸ್ಸಿನ ಡ್ರೈವರ್ ಕನಿಕರಪಟ್ಟು ನನ್ನ ಜಾಗದಲ್ಲಿ ಕೂತ. ಕಾಕಾನ ಕಾಲನ್ನೇ ನೋಡುತ್ತಾ ಹೇಳಿದ: "ಗಿಯರ್ ಪೂರಾ ಬೀಳೂತನಕ ಕ್ಲಚ್ಚಿನ ಮ್ಯಾಲಿನ ಎಡಗಾಲು ಎತ್ತಬ್ಯಾಡ್ರಿ."

"ಅದ್ಹ್ಯಾಂಗೋ ತಮ್ಮಾ? ಕೈ ಹೋತಂದ್ರ ಕಾಲು ಬದಲಾಗಬೇಕಲ್ಲ!"

ರೋಗದ ಮೂಲ ಇಲ್ಲಿತ್ತು! ಮಗ್ಗದ ಕೆಳಗೆ ಕಾಲಿಗೆ ಎರಡು ಹಲಗೆ. ಒಂದನ್ನು ತುಳಿದರೆ ನೂಲು ಬಾಯಿ ಬಿಡುತ್ತದೆ, ಕೈ ಲಾಳಿಯನ್ನು ಆಚೆ ಹಾರಿಸುತ್ತದೆ, ಹಾರಿಸಿದ್ದೇ ಇನ್ನೊಂದು ಕಾಲು ಕೆಳಗೆ. ಹುಟ್ಟಾ ನೇಕಾರನ ಕಾಲು ಕೇಳೀತೇ? ಗಿಯರ್ ಮೇಲಿನ ಕೈ ಅಲ್ಲಾಡಿದ್ದೇ ತಡ, ಎಡಗಾಲು ಮೇಲೆ, ಬಲಗಾಲು ಕೆಳಗೆ! ಗಿಯರ್ ಪಾಪ ಹಲ್ಲು ಕಡಿಯದೆ ಇನ್ನೇನು ಮಾಡೀತು?

ಕಾಕಾ ಹಟಕ್ಕೆ ಬಿದ್ದು ಮಗ್ಗದಲ್ಲೇ ಕಾಲು ತಡೆಯುವ ಅಭ್ಯಾಸ ಹಿಡಿದ. ಕಾಲು ಬದಲಾಗದಿದ್ದರೆ ನೇಯ್ಗೆ ಎಲ್ಲಿ ನಿಂತೀತು? ಸೀರೆಯ ತುಂಬ ಜಾಳುಜಾಳು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, "ಕಾರು ನೇಯೂದು ಕಲೀತು, ಮಗ್ಗ ಕಾರು ಹೊಡಿಯೂದು ಕಲೀತು. ನೀ ಏನ್ ಕಲತಿ?" ಎಂದಳು.

ಆ ಮಳೆಗಾಲದಲ್ಲಿ ಒಂದು ದಿನ ಕಾಕಾ ಕೂತಲ್ಲಿ ಕೂಡಲಾಗದೆ, ಕೊಣ್ಣೂರಿಗೆ ಹೋಗಿಬರೋಣ ಎಂದು ನನ್ನನ್ನು ಎಳೆದುಕೊಂಡು ಹೊರಟ. ಸೇತುವೆ ಮುಟ್ಟಿ ನೋಡಿದರೆ ಮಲಪ್ರಭೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ಸೇತುವೆಯ ಅಂಚಿಗೆ ನೀರು ಬಡಿಯುತ್ತಿತ್ತು. ನಾನು ಬೇಡಬೇಡವೆಂದರೂ ಕಾಕಾ ಸ್ವಲ್ಪ ಮುಂದೆ ಹೋದ. ಆಮೇಲೆ ಅವನೂ ಹೆದರಿ ಬ್ರೇಕು ತುಳಿದ. ಹಾಗೇ ಹಿಂದಕ್ಕೆ ತೆಗೆದುಕೊಂಡು ಬಂದೆವು. ಆ ಹೆದರಿಕೆಯಲ್ಲಿ ಅವನ ಎಡಗಾಲು ಕುಣಿಯುವುದನ್ನೇ ಮರೆತಿತ್ತು. ನರಗುಂದ ದಾಟಿದ ಮೇಲೆ ನನಗೆ ಹೊಳೆಯಿತು.

"ಕಾಕಾ, ಸಪ್ಪಳಾನ ಇಲ್ಲಲ್ಲೋ!"

"ಸುಮ್ನಿರು, ದೃಷ್ಟಿ ಆದೀತು," ಎಂದ, ಮುಖವೆಲ್ಲ ನಗು.

ಸಂಜೆ ಕಾರು ಓಣಿಯೊಳಗೆ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂದು ನಿಂತಿತು. "ಏ, ಬಂದೀನಿ!" ಎಂದು ಕಾಕಾ ಒಳಗೆ ನುಗ್ಗಿದ. ಉಳಿದವರು ಹಿಂದಿನ ಮಗ್ಗದ ಕೋಣೆಯಲ್ಲಿದ್ದರು. ಚಿಗವ್ವ ಒಬ್ಬಳೇ ಪಡಸಾಲೆಯಲ್ಲಿ ನಮಗೆ ಬೆನ್ನು ಮಾಡಿ ಕಂಬಕ್ಕೆ ಆತು ಕೂತಿದ್ದಳು. ದೀಪ ಹಚ್ಚಿರಲಿಲ್ಲ. ಹೊಳೆ ಬಂದ ಸುದ್ದಿ ಮಧ್ಯಾಹ್ನದ ಬಸ್ಸಿನಲ್ಲೇ ಊರು ಮುಟ್ಟಿತ್ತಂತೆ.

ಕಾಕಾ ಎದುರಿಗೆ ಹೋಗಿ ನಿಂತ. ಅವಳು ತಲೆಯೆತ್ತಿ ನೋಡಿದಳು. ಎರಡೂ ಕೈಯಿಂದ ಅವನ ಮುಂಗೈ ಹಿಡಿದುಕೊಂಡು ಅಳತೊಡಗಿದಳು.

"ಸಪ್ಪಳ ಬರಲಿಲ್ಲಲ್ರಿ... ಹಾದಿ ಕಾದೆ ಕಾದೆ, ಸಪ್ಪಳಾನ ಬರಲಿಲ್ಲಲ್ರಿ..."

ಅವನ ಬರವು ಅವಳಿಗೆ ಕೇಳಿಸುತ್ತಿದ್ದದ್ದು ಅದೊಂದರಲ್ಲೇ! ಅದು ಕಾಕಾನಿಗೂ ಆಗಲೇ ತಿಳಿದಿರಬೇಕು. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ದೀಪ ಹಚ್ಚಿದ ಮೇಲೂ ಏಳಲಿಲ್ಲ. ಅವನ ಕಾಲು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅಂದೇ. ನನ್ನ ಕಣ್ಣಲ್ಲೂ ನೀರು ಬಂತು, ಹೇಳಲಿಕ್ಕೆ ನಾಚಿಕೆ ಏನು?

ಹೊಳೆ ಇಳಿದ ಮೇಲೆ ಚಿಗವ್ವ ಮಾತಿನಂತೆ ಅವನ ಪಕ್ಕದಲ್ಲಿ ಕೂತು ಕೊಣ್ಣೂರಿಗೆ ಹೋಗಿಬಂದಳು. ದಾರಿಯುದ್ದಕ್ಕೂ ಗಿಯರ್ ಕಮಕ್ ಕಿಮಕ್ ಅನ್ನಲಿಲ್ಲವಂತೆ. ಆದರೆ ಕಾಕಾ ಒಬ್ಬನೇ ಹೋಗಿ ಬಂದ ದಿನ ಮಾತ್ರ ಓಣಿಯ ತಿರುವಿನಲ್ಲಿ ಒಂದೇ ಒಂದು ಸಲ, ಕರ್ರ್ರ್! "ಇಂವಾ ಇನ್ನೂ ಕಲೀಲಿಲ್ಲ ಬಿಡು," ಎಂದು ಊರು ನಗುತ್ತಿತ್ತು. ಒಳಗೆ ಚಿಗವ್ವ ರೊಟ್ಟಿಯ ಹಂಚು ಒಲೆಗಿಡುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಕಾರು ಕೆಟ್ಟಿತು. ಗದಗಿನ ಮಿಸ್ತ್ರಿ ಗಿಯರಿನ ಪೆಟ್ಟಿಗೆ ಬಿಚ್ಚಿ, ಬೋಳು ಗಾಲಿಯೊಂದನ್ನು ಕೈಯಲ್ಲಿ ಹಿಡಿದು ಬೆರಗಾದ.

"ಸಾವಕಾರ್ರ, ಉಳದವೆಲ್ಲ ಹೊಸಾವ ಇದ್ಧಾಂಗ ಅದಾವ. ಇದೊಂದರ ಹಲ್ಲು ಹ್ಯಾಂಗ ಸವದುವ್ರಿ?"

ಕಾಕಾ ಅದನ್ನು ಇಸಿದುಕೊಂಡು ಧೋತರದ ಅಂಚಿನಿಂದ ಒರೆಸಿದ.

"ಬಂದೀನಿ, ಬಂದೀನಿ ಅಂತ ಹೇಳಿ ಹೇಳಿ ಸವದುವಪಾ," ಎಂದ.