ನನ್ನ ಫಿಯಟ್ಟಿನ ಜೋಡಿದೀಪ ಪ್ರಕರಣ

ಮನುಷ್ಯಕುಲದ ಇತಿಹಾಸವೆಂದರೆ ಕತ್ತಲೆಯ ವಿರುದ್ಧ ಬೆಳಕು ನಡೆಸಿದ ಹೋರಾಟದ ಇತಿಹಾಸ. ಈ ಹೋರಾಟದಲ್ಲಿ ನನ್ನ ಫಿಯಟ್ ಕಾರು ಕತ್ತಲೆಯ ಪಕ್ಷದಲ್ಲಿತ್ತು.

ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದ ನನ್ನ ಚಿಕ್ಕಪ್ಪ ಊರಿಗೆ ಮರಳುವಾಗ ತಂದ ಕಾರು ಅದು. ಅವರ ಕಾಲಾನಂತರ ನನ್ನ ಪಾಲಿಗೆ ಬಂತು. ಕೋಟದಲ್ಲಿ ನನ್ನ ಮನೆ. ಐಸ್ ಪ್ಲಾಂಟಿನ ವ್ಯವಹಾರವನ್ನು ಮಗಳಿಗೆ ಒಪ್ಪಿಸಿದ ಮೇಲೆ, ಬೆಳಿಗ್ಗೆ ಈ ಕಾರನ್ನು ಒರೆಸುವುದು ಮತ್ತು ಸಂಜೆ ಇದನ್ನು ನೋಡುವುದು ನನ್ನ ಉದ್ಯೋಗವಾಗಿತ್ತು. ಹಗಲಿನಲ್ಲಿ ಅದು ಕಾರೇ. ಹೊತ್ತು ಮುಳುಗಿದ ಮೇಲೆ ಮಾತ್ರ ಅದರ ಹೆಡ್‌ಲೈಟು ಹತ್ತಿದೆಯೋ ಇಲ್ಲವೋ ಎಂದು ತಿಳಿಯಲು ಟಾರ್ಚ್ ಹಿಡಿದು ಕೆಳಗಿಳಿಯಬೇಕಾಗುತ್ತಿತ್ತು.

ನನ್ನ ಹೆಂಡತಿ ಲಲಿತ ಉಪ್ಪುಂದದವಳು. ಕಡಲಿಗೆ ದೋಣಿ ಇಳಿಸುವವರ ಮನೆತನ. ದೋಣಿ ನೂಕುವುದು ಅವಳ ಮನೆಯವರ ಕುಲಕಸುಬಾದರೂ ಕಾರು ನೂಕುವುದಕ್ಕೆ ಅವಳು ಮೊದಲಿನಿಂದಲೂ ವಿರೋಧ. ರೇಷ್ಮೆ ಸೀರೆಯಲ್ಲಿ ಹೆಮ್ಮಾಡಿಯ ಪೇಟೆಯ ನಡುವೆ ಒಮ್ಮೆ ನೂಕಿದ್ದಳು. ಅದರ ಪ್ರಸ್ತಾಪವನ್ನು ನಾನು ಮನೆಯಲ್ಲಿ ಎತ್ತುವುದಿಲ್ಲ. ಅವಳು ಎತ್ತುತ್ತಾಳೆ.

ಹೀಗಿರುವಾಗ ಮರವಂತೆ ಕಡೆಯ ಒಂದು ರೆಸಾರ್ಟಿನವರು ಕಾರು ಕೇಳಿದರು.

"ಆ ರೆಸಾರ್ಟಿನವ್ರ್ ಇವತ್ತೂ ಫೋನ್ ಮಾಡಿದ್ರ್," ಎಂದಳು ಲಲಿತ. "ಗೇಟಿನ್ ಎದ್ರ್ ಚೆಂದಕ್ಕೆ ನಿಲ್ಸ್ತ್ರಂಬ್ರ್. ನಿಂತ್ಕಂಬುದ್ರಗೆ ಅದ್ ಹುಷಾರೇ ಅಲ್ದಾ?"

"ಅದ್ ಹಳೆ ಕಾಲದ್ ಗಾಡಿ ಮಾರಾಯ್ತಿ. ಅದ್ಕೊಂದ್ ಮರ್ಯಾದಿ ಇತ್ತ್."

"ಹಳೆ ಕಾಲದವ್ಳ್ ನಾನೂ ಹೌದ್. ನನ್ನ ಯಾರಾರೂ ನೂಕ್ತ್ರಾ?"

ದೀರ್ಘ ಮಾತುಕತೆಯ ನಂತರ ಒಂದು ಒಪ್ಪಂದಕ್ಕೆ ಬರಲಾಯಿತು. ಷರತ್ತನ್ನು ಅವಳೇ ಹೇಳಿದಳು. "ಶನಿವಾರ ಹೊತ್ತ್ ಕಂತುವತಿಗೆ ಉಪ್ಪುಂದಕ್ಕ್ ಹೋಪ. ಚಂದ್ರ ಕಡಲಿಂದ ಬಂದ್ ಮೇಲೆ ಮೀನ್ ಊಟ ಮಾಡಿ, ಕತ್ಲಿಯಗೇ ವಾಪಾಸ್ ಬಪ್ಪ. ಯಾರೂ ನೂಕದೆ ಮನೆ ಮುಟ್ರೆ ಕಾರ್ ನಿಮ್ದ್. ಇಲ್ದಿರೆ ರೆಸಾರ್ಟಿನವ್ರದ್ದ್."

ಚಂದ್ರ ಅವಳ ತಮ್ಮ. ಅವನದೊಂದು ನಾಡದೋಣಿ, ಅದರ ಜೊತೆಗೆ ಹೋಗುವ ಇನ್ನೊಂದಿಷ್ಟು ದೋಣಿ. ಕಾರಿನ ಭವಿಷ್ಯ ಒಂದು ಊಟದ ಮೇಲೆ ನಿಂತಿತ್ತು. ನಾನು ಧೈರ್ಯದಿಂದ ಒಪ್ಪಿದೆ. ಬೆಳಕಿನದೊಂದೇ ತೊಂದರೆ ತಾನೆ? ಬಂಪರಿನ ಮೇಲೆ ಹೆಚ್ಚುವರಿ ದೀಪ ಎರಡು ಕೂರಿಸಿದರೆ ಮುಗಿಯಿತು!

ಹಳೆ ಕಾರಿಗೆ ಒಪ್ಪುವಂಥ ದುಂಡು ದೀಪ ತರಿಸಿದೆ. ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. ತರಬೇತಿ ಪಡೆದವರಿಂದಲೇ ಜೋಡಿಸಬೇಕೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಅರ್ಧ ಆಯುಷ್ಯ ಐಸ್ ಪ್ಲಾಂಟ್ ನಡೆಸಿದವನಿಗೆ ತರಬೇತಿಯೇ! ಪೆಟ್ಟಿಗೆಯನ್ನು ಮಗುಚಿ ಇಟ್ಟೆ.

ಬಂಪರಿಗೆ ತೂತು ಕೊರೆಯುವುದು ಮೊದಲ ಕಾರ್ಯ. ಎಡಗಡೆಯ ಅಳತೆಯನ್ನು ಬಂಪರಿನ ತುದಿಯಿಂದ ತೆಗೆದುಕೊಂಡೆ. ಬಲಗಡೆಯ ಅಳತೆಯನ್ನು ನಂಬರ್ ಪ್ಲೇಟಿನಿಂದ ತೆಗೆದುಕೊಂಡೆ. ಎರಡೂ ಅಳತೆಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದವು. ದೀಪ ಕೂರಿಸಿ ದೂರ ನಿಂತು ನೋಡಿದರೆ ಒಂದು ದೀಪ ತೆಂಗಿನ ಮರದ ತಲೆಯನ್ನೂ ಇನ್ನೊಂದು ಅದರ ಬುಡವನ್ನೂ ನೋಡುತ್ತಿತ್ತು. ಕಾಯಿ ಕೀಳುವವರಿಗೆ ಇದರಿಂದ ಅನುಕೂಲವಿತ್ತು. ರಸ್ತೆ ಎರಡಕ್ಕೂ ಬೇಕಾಗಿರಲಿಲ್ಲ.

ಆಮೇಲೆ ವಯರಿನ ಕೆಲಸ. ಬಾನೆಟ್ಟಿನ ಒಳಗೆ ಆ ಕಾಲದ ವಯರುಗಳು ಬಣ್ಣ ಕಳೆದುಕೊಂಡು ಎಲ್ಲವೂ ಒಂದೇ ಜಾತಿಯಾಗಿದ್ದವು. ನಾನು ಯಾರಲ್ಲಿಯೂ ಭೇದ ಎಣಿಸದೆ ಕೈಗೆ ಸಿಕ್ಕಿದ್ದಕ್ಕೆ ಜೋಡಿಸಿದೆ. ಲಲಿತಳನ್ನು ಅಂಗಳಕ್ಕೆ ಕರೆದು, ಡ್ಯಾಶ್‌ಬೋರ್ಡಿನ ಹೊಸ ಸ್ವಿಚ್ಚನ್ನು ಸಾವಕಾಶವಾಗಿ ಒತ್ತಿದೆ.

ಹಾರನ್ ಹೊಡೆಯಿತು.

"ಲೈಟ್ ಕೂಗ್ತಾ ಇತ್ತಲೆ!" ಎಂದಳು ಲಲಿತ.

"ಒಂಚೂರ್ ತಪ್ಪಿತ್ತ್. ಸಮ ಮಾಡ್ತೆ."

"ಹಾರನ್ ಒತ್ತಿ ಕಾಣಿ. ಬೆಳ್ಕ್ ಬತ್ತಾ ಏನೋ."

ಒತ್ತಿದೆ. ಬೆಳಕು ಬಂತು. ಅವಳು ಒಳಗೆ ಹೋದಳು. ನಗುವುದನ್ನು ನಾನು ಕಾಣಬಾರದೆಂಬ ಸೌಜನ್ಯ ಅವಳಲ್ಲಿ ಇನ್ನೂ ಉಳಿದಿತ್ತು.

ಮರುದಿನ ಗಂಗೊಳ್ಳಿಯ ರಘುವಿನ ಹತ್ತಿರ ಹೋದೆ. ಬೋಟುಗಳಿಗೆ ವಯರಿಂಗ್ ಮಾಡುವವನು. ಮಾತು ಜಾಸ್ತಿ, ಆದರೆ ಕೆಲಸವೂ ಜಾಸ್ತಿಯೇ. ಬೇಕಾದದ್ದಕ್ಕಿಂತ ಜಾಸ್ತಿ ಎಂಬುದು ಆಮೇಲೆ ತಿಳಿಯಿತು. ಬಾನೆಟ್ ಎತ್ತಿ ನೋಡಿ ಅವನು ಬೀಡಿಯನ್ನು ಬಾಯಿಂದ ತೆಗೆದ.

"ಇದ್ ಯಾರ್ ಮಾಡದ್ದ್ ಮರ್ರೆ?"

"ಒಬ್ಬ ಮೆಕ್ಯಾನಿಕ್."

"ಅವ್ನತ್ರ ಇನ್ನ್ ಹೋಬೇಡಿ."

ಹೋಗುವುದಿಲ್ಲವೆಂದು ಮಾತು ಕೊಟ್ಟೆ.

ರಘು ವಯರನ್ನೆಲ್ಲ ಬದಲಿಸಿದ. ದೀಪದ ಬಲ್ಬನ್ನು ಬಿಚ್ಚಿ, ಅಂಗೈಯಲ್ಲಿ ಇಟ್ಟುಕೊಂಡು ಕನಿಕರದಿಂದ ನೋಡಿದ. "ಇದೆಂತ, ದೇವ್ರ ಕೋಣಿದಾ? ಬೋಟಿಗ್ ಹಾಕುದ್ ಹಾಕ್ತೆ ಕಾಣಿ. ಬೆಳ್ಕ್ ಅಂದ್ರೆ ಬೆಳ್ಕ್!" ಹಾಕಿದ. ಎದುರಿನ ಗೋಡೆಯ ಮೇಲಿದ್ದ ಹಲ್ಲಿ ಹಗಲಿನಲ್ಲಿಯೇ ಓಡಿಹೋಯಿತು. ಕೊನೆಗೆ ಅವನು ಎರಡು ಎಚ್ಚರಿಕೆಯ ಮಾತು ಹೇಳಿದ. "ಎಂಜಿನ್ ಬಂದ್ ಮಾಡಿ ಇದ್ನ ಉರಿಸ್ಬೇಡಿ, ಬ್ಯಾಟ್ರಿ ಕುಡಿತ್ತ್. ಮತ್ತೆ, ಎಡ್ದ್ ಬಲ್ದ್ ಇನ್ನೂ ಸಮ ಆಯ್ಲಿಲ್ಲೆ. ಕತ್ಲಿ ಆಪತಿಗೆ, ಎದ್ರಿಂದ ಯಾರೂ ಬಾರದ್ ಜಾಗ್ದಗೆ ನಿಲ್ಸಿ ಸಮ ಮಾಡ್ಕಣಿ. ಇಲ್ದಿರೆ ಎದ್ರ್ ಬಪ್ಪರಿಗೆ ಕಣ್ಣೇ ಕಾಂತಿಲ್ಲೆ."

ಎರಡನೆಯ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಮೊದಲನೆಯದನ್ನು ಮರೆತೆ.

ಶನಿವಾರ ಕಾರು ಯಾವ ತಕರಾರೂ ಇಲ್ಲದೆ ಉಪ್ಪುಂದ ತಲುಪಿತು. ಲಲಿತಳ ಮುಖದಲ್ಲಿ ಸೋಲಿನ ಮೊದಲ ಲಕ್ಷಣ ಕಾಣಿಸಿತು. ಅವಳನ್ನು ತವರಿನ ಬಾಗಿಲಲ್ಲಿ ಇಳಿಸಿದೆ. ಚಂದ್ರ ಇನ್ನೂ ಕಡಲಿನಲ್ಲಿದ್ದ. ಸೂರ್ಯ ಮುಳುಗಿ ಮಬ್ಬು ಕವಿಯುತ್ತಿತ್ತು. ದೀಪ ಸಮ ಮಾಡಲು ಇದೇ ಹೊತ್ತು.

ಎದುರಿನಿಂದ ಯಾರೂ ಬಾರದ ಜಾಗ ಯಾವುದು? ಹೆದ್ದಾರಿಯಲ್ಲಿ ಲಾರಿ ಬರುತ್ತದೆ. ಒಳರಸ್ತೆಯಲ್ಲಿ ಬೈಕು ಬರುತ್ತದೆ. ಆಳವಾಗಿ ಯೋಚಿಸಿದೆ. ಎದುರಿನಿಂದ ಯಾವ ವಾಹನವೂ ಬರಲಾರದ ಸ್ಥಳ ಈ ತಾಲೂಕಿನಲ್ಲಿ ಒಂದೇ ಇತ್ತು. ಸಮುದ್ರ!

ಕಾರನ್ನು ದಡಕ್ಕೆ ಇಳಿಸಿ, ನೀರು ಬಂದುಹೋಗಿ ಗಟ್ಟಿಯಾಗಿದ್ದ ಮರಳಿನ ಮೇಲೆ ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿದೆ. ಸ್ವಿಚ್ ಒತ್ತಿದೆ. ಆಹಾ! ಅಲೆಗಳ ನೊರೆ ಒಂದೊಂದೂ ಕಾಣುವಂತೆ ಬೆಳಕು ನೀರಿನ ಮೇಲೆ ಹರಡಿತು. ಇಂಥ ಗಂಭೀರ ದೃಶ್ಯಕ್ಕೆ ಎಂಜಿನಿನ ಗಡಗಡ ಶಬ್ದ ಶೋಭಿಸುವುದಿಲ್ಲವೆನಿಸಿತು. ಬಂದ್ ಮಾಡಿದೆ.

ದೀಪ ಸಮ ಮಾಡುವುದಕ್ಕೆ ಒಂದು ಕ್ರಮವಿದೆ. ಒಂದನ್ನು ಮುಚ್ಚಿ ಇನ್ನೊಂದನ್ನು ನೋಡಬೇಕು. ಹೆಗಲ ಮೇಲಿನ ಬೈರಾಸು ಬಟ್ಟೆಯಿಂದ ಎಡದ್ದನ್ನು ಮುಚ್ಚಿ ಬಲದ್ದನ್ನು ನೋಡಿದೆ. ಬಲದ್ದನ್ನು ಮುಚ್ಚಿ ಎಡದ್ದನ್ನು ನೋಡಿದೆ. ಸ್ಕ್ರೂ ತಿರುಗಿಸಿದೆ. ಮತ್ತೆ ಮುಚ್ಚಿದೆ, ತೆರೆದೆ. ದೂರದಲ್ಲಿ ದೋಣಿಗಳ ಸಣ್ಣ ದೀಪಗಳು ದಡದತ್ತ ತಿರುಗಿದ್ದು ಕಾಣಿಸಿತು. ನನ್ನ ದೀಪದ ಅಂದವನ್ನು ಕಡಲಿನವರೂ ಗಮನಿಸಿದರೆಂದು ಸಂತೋಷವಾಯಿತು. ಬೈರಾಸನ್ನು ಮೇಲೆತ್ತಿ ಬೀಸಿ ಅವರಿಗೆ ಗೌರವ ಸೂಚಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆಗ ಅದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಹಳ ಮಂದಿ ಒಟ್ಟಿಗೇ ಹೇಳಿದರು.

ಆ ದಡದವರಲ್ಲಿ ಒಂದು ರೀತಿ ಇದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಉಂಟು. ಆದರೂ ಕಡಲಿಗೆ ಹೋದವನಿಗೆ ಮನೆಯ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ನೀರಿನ ಮೇಲೆ ಇರುವವನಿಗೆ ಅಂಥ ಮಾತು ಮುಟ್ಟಿಸಬಾರದು ಎಂದು. ಅದರ ಬದಲು ದಡದಲ್ಲಿ ಎರಡು ದೀಪಗಳನ್ನು ಅಕ್ಕಪಕ್ಕ ಹಿಡಿಯುತ್ತಾರೆ. ಎಲ್ಲ ದೋಣಿಗಳೂ ಬರಬೇಕು. ಯಾರ ಮನೆಯೆಂದು ದಡಕ್ಕೆ ಬಂದ ಮೇಲೆಯೇ ತಿಳಿಯುವುದು. ದೀಪ ಮುಚ್ಚಿ ತೆರೆದರೆ, ಬಲೆ ಬಿಟ್ಟು ಬೇಗ ಬನ್ನಿ ಎಂದರ್ಥ.

ಬಟ್ಟೆ ಬೀಸುವುದಕ್ಕೆ ವಿಶೇಷ ಅರ್ಥವೇನೂ ಇಲ್ಲವಂತೆ. ಅದು ನನ್ನ ಸ್ವಂತ ಕೊಡುಗೆ.

ಮೊದಲು ನೀರಿಗೆ ಹಾರಿದವನು ಚಂದ್ರ. ಎದೆಮಟ್ಟದ ಅಲೆಯನ್ನು ಸೀಳಿಕೊಂಡು ಓಡಿ ಬಂದು ಬಾನೆಟ್ಟಿನ ಮೇಲೆ ಎರಡೂ ಕೈಯೂರಿದ. ಉಸಿರು ಸಿಗುತ್ತಿರಲಿಲ್ಲ.

"ಭಾವ! ಯಾರ್ ಭಾವ? ಯಾರ್ ಹೋದ್ದ್?"

"ಯಾರೂ ಎಲ್ಲಿಗೂ ಹೋಯ್ಲಿಲ್ಲೆ ಚಂದ್ರ. ನಾವೀಗ ಬಂದದ್ದ್," ಎಂದೆ. ಅವನು ಇನ್ನೂ ನೋಡುತ್ತಲೇ ಇದ್ದುದರಿಂದ ವಿವರ ಸೇರಿಸಿದೆ. "ಎಡ್ದ್ ಲೈಟ್ ಒಂಚೂರ್ ಮೇಲ್ ಕಾಂತಿತ್ತ್. ಈಗ ಸಮ ಆಯ್ತ್."

ಚಂದ್ರ ಎಡಗಡೆಯ ದೀಪವನ್ನು ನೋಡಿದ. ಬಲಗಡೆಯದನ್ನು ನೋಡಿದ. ನನ್ನನ್ನು ನೋಡಿದ. ಅವನ ಹಿಂದೆ ದೋಣಿಗಳು ಒಂದೊಂದಾಗಿ ಮರಳಿಗೆ ಬಡಿಯುತ್ತಿದ್ದವು. ಮಂದಿ ಹಾರಿ ಓಡಿ ಬರುತ್ತಿದ್ದರು. ನರಸಿಂಹಣ್ಣ ಎಂಬ ಹಿರಿಯರು ಕಾರಿನ ತನಕವೂ ಬರಲಾಗದೆ ಅಲ್ಲಿಯೇ ಮರಳಿನ ಮೇಲೆ ಕೂತುಬಿಟ್ಟರು. ಅವರ ಹೆಂಡತಿ ಕೆಲವು ದಿನಗಳಿಂದ ಹಾಸಿಗೆ ಹಿಡಿದಿದ್ದರು.

ಈ ಜಾಗದಲ್ಲಿ ನಗಿಸುವ ಮಾತು ನನಗೆ ಇವತ್ತಿಗೂ ಹೊಳೆದಿಲ್ಲ.

ಚಂದ್ರ ಅವರ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ. "ಎಂತದೂ ಇಲ್ಲೆ ಮಾವ. ಯಾರಿಗೂ ಎಂತದೂ ಆಯ್ಲಿಲ್ಲೆ. ನಮ್ ಭಾವ ಕಾರಿನ್ ಲೈಟ್ ಸಮ ಮಾಡದ್ದ್."

"ಎಂತದೂ ಇಲ್ಯಾ?"

"ಇಲ್ಲೆ."

ನರಸಿಂಹಣ್ಣ ಮುಖ ಒರೆಸಿಕೊಂಡರು. "ಹಾಂಗಾರ್ ಸಾಕ್," ಎಂದರು. ಆಮೇಲೆ ನನ್ನತ್ತ ತಿರುಗಿ, "ಲೈಟ್ ಮಾತ್ರ ಲಾಯ್ಕ್ ಇತ್ತ್ ಮರ್ರೆ. ಅಷ್ಟ್ ದೂರ ಕಂಡಿತ್," ಎಂದರು.

ನನ್ನ ಜೋಡಿದೀಪಕ್ಕೆ ದೊರೆತ ಪ್ರಶಂಸೆ ಅದೊಂದೇ.

ಅಷ್ಟರಲ್ಲಿ ಊರಿನ ಕಡೆಯಿಂದ ಹೆಂಗಸರು ಓಡಿ ಬಂದರು. ದೋಣಿಗಳು ಹೊತ್ತಲ್ಲದ ಹೊತ್ತಿನಲ್ಲಿ ಮರಳಿದ್ದನ್ನು ಕಂಡು, ಕಡಲಿನಲ್ಲಿ ಏನೋ ಆಗಿದೆಯೆಂದು ಅವರು ಅಳುತ್ತಿದ್ದರು. ಗಂಡಸರು ಮನೆಯವರು ಹೋದರೆಂದು ಬಂದವರು, ಹೆಂಗಸರು ಗಂಡಸರು ಹೋದರೆಂದು ಬಂದವರು. ಎಲ್ಲರೂ ಎಲ್ಲರನ್ನೂ ಮುಟ್ಟಿ ನೋಡಿಕೊಂಡರು. ಇಷ್ಟು ಜನ ಒಟ್ಟಿಗೆ ಬದುಕಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದರ ಶ್ರೇಯಸ್ಸು ನನಗೆ ಸಿಗುವ ಲಕ್ಷಣ ಕಾಣಲಿಲ್ಲ.

ಗುಂಪಿನಲ್ಲಿ ಲಲಿತಳಿದ್ದಳು. ತಮ್ಮನನ್ನು ನೋಡಿದಳು, ಕಾರನ್ನು ನೋಡಿದಳು. ಅವಳಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

"ಎರ್ಡ್ ಲೈಟ್! ಕಡ್ಲಿಗೆ!" ಎಂದಳು.

"ನೀನ್ ಮೊದ್ಲೇ ಒಂದ್ ಮಾತ್ ಹೇಳುಕಿತ್ತ್ ನಂಗೆ."

"ಕಾರಿನ್ ಲೈಟ್ ಕಡ್ಲಿಗ್ ಬಿಡ್ಬೇಡಿ ಅಂದೇಳಿ? ಅದ್ನೂ ಹೇಳ್ಕಾ ಮರ್ರೆ?"

"ಬಂಗ್ಡಿ ಮೀನ್ ತುಂಬಿತ್ತ್ ಅಕ್ಕ," ಎಂದ ಚಂದ್ರ. ಸಿಟ್ಟಿಗಿಂತ ದುಃಖವೇ ಜಾಸ್ತಿಯಿತ್ತು. "ಅರ್ಧ ಎಳ್ದಿದ್ದೊ. ಬಿಟ್ಟ್ ಬಂದೊ."

ಇಂಥ ಸಂದರ್ಭದಲ್ಲಿ ಮರ್ಯಾದಸ್ಥನು ಸದ್ದಿಲ್ಲದೆ ಜಾಗ ಖಾಲಿ ಮಾಡಬೇಕು. ನಾನು ಗಂಭೀರವಾಗಿ ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡು ಸ್ಟಾರ್ಟ್ ಮಾಡಿದೆ. ಒಳಗಿಂದ "ಟಿಕ್" ಎಂಬ ಒಂದು ಶಬ್ದ ಬಂತು. ಮತ್ತೆ ಅದೂ ಬರಲಿಲ್ಲ. ಬೋಟಿನ ಬಲ್ಬುಗಳು ಬ್ಯಾಟರಿಯನ್ನು ಕೊನೆಯ ಹನಿಯವರೆಗೆ ಕುಡಿದು ಈಗ ಕೆಂಡದ ಹಾಗೆ ಕೆಂಪಾಗಿದ್ದವು. ನೀರು ಏರುವ ಹೊತ್ತು ಬೇರೆ. ಒಂದು ಅಲೆ ಬಂದು ಮುಂದಿನ ಚಕ್ರವನ್ನು ತೊಳೆದು ಹೋಯಿತು. ಇನ್ನೊಂದು ಬಂದು ಮರಳಿನಲ್ಲಿ ಅದನ್ನು ಗೇಣುದ್ದ ಹೂತಿತು.

ಚಂದ್ರ ಬಲೆಯ ಹಗ್ಗ ತಂದು ಹಿಂದಿನ ಬಂಪರಿಗೆ ಬಿಗಿದ. ಇಡೀ ದಡ ಎರಡು ಸಾಲಾಗಿ ಹಗ್ಗ ಹಿಡಿಯಿತು. ಬಲೆ ಎಳೆಯುವಂತೆಯೇ ಕೂಗು ಹಾಕುತ್ತಾ, ಹೆಜ್ಜೆ ಹೆಜ್ಜೆಯಾಗಿ ಎಳೆದರು. ಆ ದಿನ ಅವರು ಕಡಲಿನಿಂದ ದಡಕ್ಕೆ ಎಳೆದದ್ದು ಅದೊಂದನ್ನೇ.

ಅಲ್ಲಿ ಬಲೆಗೆ ಕೈ ಹಾಕಿದವರಿಗೆಲ್ಲ ಪಾಲು ಕೊಡುವ ಪದ್ಧತಿ.

"ಹ್ವಾಯ್, ಎಳ್ದವ್ರಿಗೆಲ್ಲ ಪಾಲ್ ಇತ್ತ್ ಅಲ್ದಾ?" ಎಂದ ಹಗ್ಗ ಹಿಡಿದ ಒಬ್ಬ. "ನಂಗ್ ಒಂದ್ ಬಾಗ್ಲ್ ಸಾಕ್."

"ಇದ್ರಗೆ ಮುಳ್ಳೇ ಜಾಸ್ತಿ ಮಾರಾಯ," ಎಂದ ಇನ್ನೊಬ್ಬ.

ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ ನಾನು ಎದುರನ್ನೇ ನೋಡುತ್ತಿದ್ದೆ. ಎದುರಿಗೆ ಸಮುದ್ರವಿತ್ತು.

ಚಂದ್ರನ ಮನೆಯ ಊಟಕ್ಕೆ ಮೀನಿರಲಿಲ್ಲ. ಉಪ್ಪಿನಕಾಯಿ ಇತ್ತು. ಕಾರಣವನ್ನು ಯಾರೂ ಯಾರಲ್ಲಿಯೂ ಕೇಳಲಿಲ್ಲ. ಕೈ ತೊಳೆಯುವಾಗ ನಾನು ಲಲಿತಳ ಮುಂದೆ ಒಂದು ಕಾನೂನಿನ ಅಂಶವನ್ನು ಇಟ್ಟೆ. ಒಪ್ಪಂದದಲ್ಲಿ ಯಾರೂ ನೂಕಬಾರದು ಎಂದಿತ್ತು. ಇಲ್ಲಿ ಯಾರೂ ನೂಕಲಿಲ್ಲ. ಎಳೆದರು. ಎಳೆಯುವ ವಿಷಯ ಒಪ್ಪಂದದಲ್ಲಿ ಎಲ್ಲಿಯೂ ಬಂದಿರಲಿಲ್ಲ. ವಾದ ಬಲವಾಗಿತ್ತು.

ಲಲಿತ ತಂಬಿಗೆ ಕೆಳಗಿಟ್ಟಳು. "ನರಸಿಂಹಣ್ಣ ಮರಳಲ್ಲ್ ಕೂತದ್ ಕಂಡ್ರ್ಯಾ?" ಎಂದಳು.

ಕಂಡಿದ್ದೆ. ವಾದವನ್ನು ಹಿಂತೆಗೆದುಕೊಂಡೆ. ರೆಸಾರ್ಟಿನವರಿಗೆ ಮರುದಿನ ನಾನೇ ಫೋನ್ ಮಾಡಿದೆ.

ಅವರು ಅದೇ ವಾರ ಉಪ್ಪುಂದಕ್ಕೇ ಬಂದು, ಚಂದ್ರನ ಅಂಗಳದಿಂದ ಕಾರನ್ನು ಲಾರಿಗೇರಿಸಿಕೊಂಡು ಹೋದರು. ಬಂಪರಿನ ಮೇಲಿನ ದೀಪಗಳು ಹಳೆ ಕಾರಿಗೆ ಒಪ್ಪುವುದಿಲ್ಲವೆಂದು ಬಿಚ್ಚಿ ನನ್ನ ಕೈಗೆ ಕೊಟ್ಟರು. ಎರಡೂ ನಮ್ಮ ಮನೆಯಲ್ಲಿವೆ. ಅಕ್ಕಪಕ್ಕ ಇಡಲು ಮಾತ್ರ ಲಲಿತ ಬಿಡುವುದಿಲ್ಲ.