ನಮ್ಮ ಭಾವ ಸಾಯುವ ಭಾನುವಾರಗಳು

ನಮ್ಮ ಭಾವನಷ್ಟು ಸಲ ಸತ್ತ ಮನುಷ್ಯನನ್ನು ನಾನಂತೂ ಕಂಡಿಲ್ಲ. ಬಾಣ ತಾಗಿ ಸತ್ತಿದ್ದಾರೆ, ಭರ್ಜಿ ನಾಟಿ ಸತ್ತಿದ್ದಾರೆ, ಕೋಟೆಯ ಮೇಲಿಂದ ಉರುಳಿದ ಥರ್ಮಾಕೋಲಿನ ಬಂಡೆಯಡಿ ಸಿಕ್ಕಿಯೂ ಸತ್ತಿದ್ದಾರೆ. ಪ್ರತಿ ಸಲ ಸತ್ತ ಮೇಲೂ ಡೊಂಬಿವಲಿಯ ಮನೆಗೆ ಲೋಕಲ್ ರೈಲು ಹಿಡಿದು ಬಂದು ಊಟಕ್ಕೆ ಕೂತು, ಸಾರು ಸಪ್ಪೆಯಾಗಿದೆ ಎಂದು ಅಕ್ಕನ ಮೇಲೆ ರೇಗಿದ್ದಾರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಕಳವಾ ಎಂಬ ಊರಿನಲ್ಲಿ ಬಹಳ ವರ್ಷ ಒಂದು ಸಸ್ಯಾಹಾರಿ ಹೋಟೆಲು ನಡೆಸಿದವರು. ಅವರದೂ ನನ್ನದೂ ಒಂದೇ ಕಟ್ಟಡ. ಅವರು ಮೊದಲ ಮಹಡಿ, ನಾನು ಎರಡನೆಯದು. ನಾನು ನಿವೃತ್ತ ಡ್ರಿಲ್ ಮಾಸ್ತರ. ಏಳುವುದಕ್ಕೆ, ನಡೆಯುವುದಕ್ಕೆ, ಉಣ್ಣುವುದಕ್ಕೆ, ಪತ್ರಿಕೆ ಓದುವುದಕ್ಕೆ ಎಲ್ಲಕ್ಕೂ ನನ್ನಲ್ಲಿ ಹೊತ್ತುಂಟು. ನನ್ನ ಮನೆಯ ಗಡಿಯಾರ ನನ್ನನ್ನು ನೋಡಿ ಮುಳ್ಳು ಸರಿಪಡಿಸಿಕೊಳ್ಳುತ್ತದೆ ಎಂದು ಅಕ್ಕ ಹಂಗಿಸುತ್ತಾಳೆ. ಅಂಥವನ ಕೆಳಗಿನ ಮನೆಯಲ್ಲಿ ಇಂಥವರು!

ಈ ಸಾಯುವ ಚಟ ಹತ್ತಿದ್ದು ಹೋಟೆಲಿನಲ್ಲೇ. ಅಲ್ಲಿಗೆ ಚಹಾಕ್ಕೆ ಬರುತ್ತಿದ್ದ ಇತಿಹಾಸಪ್ರೇಮಿಗಳು ಕೆಲವರು ಸೇರಿ ಒಂದು ಮಂಡಳಿ ಕಟ್ಟಿದರು. ಚಳಿಗಾಲದಲ್ಲಿ ಕಲ್ಯಾಣದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹತ್ತಿರ ಒಂದು ಮೈದಾನದಲ್ಲಿ ಬಿದಿರು, ಬಟ್ಟೆಯ ಕೋಟೆ ಎಬ್ಬಿಸಿ, ಹಳೆಯ ಕಾಲದ ಪೋಷಾಕು ತೊಟ್ಟು, ಹಿಂದೆ ನಡೆದ ಮುತ್ತಿಗೆಯನ್ನು ಹಾಗೆ ಹಾಗೆಯೇ ನಡೆಸಿ ತೋರಿಸುವುದು. ಉಳಿದ ತಿಂಗಳುಗಳಲ್ಲಿ ಭಾನುವಾರ ತಾಲೀಮು. ಯಾವ ಕೋಟೆ, ಯಾರ ಮುತ್ತಿಗೆ ಎಂದು ನಾನು ಬರೆಯುವುದಿಲ್ಲ. ನಮ್ಮ ಕಡೆ ಇತಿಹಾಸದ ಮಾತು ಚಹಾದಲ್ಲಿ ಸುರುವಾಗಿ ಪೊಲೀಸು ಠಾಣೆಯಲ್ಲಿ ಮುಗಿಯುತ್ತದೆ.

ಮಂಡಳಿಯ ಮುಖ್ಯಸ್ಥನನ್ನು ಎಲ್ಲರೂ ಸರದಾರ ಎನ್ನುತ್ತಿದ್ದರು. ವಾರವೆಲ್ಲ ಬೇಲಾಪುರದ ಯಾವುದೋ ಕಚೇರಿಯಲ್ಲಿ ಮೇಲಿನವರ ಮುಂದೆ ಕೈಕಟ್ಟಿ ನಿಲ್ಲುವ ಈತ ಭಾನುವಾರ ಮೀಸೆ ಅಂಟಿಸಿಕೊಂಡು ಸಾಮ್ರಾಜ್ಯ ಕಟ್ಟುತ್ತಿದ್ದ. ಭಾವನಿಗೆ ಬರುವ ಮರಾಠಿ ಹೋಟೆಲಿನದು. ಬಾಯಿ ತೆರೆದರೆ ಇವತ್ತಿನ ತಿಂಡಿ ಏನೇನಿದೆ ಎಂದು ಹೇಳುವ ಧಾಟಿ. ಅಂಥವರಿಗೆ ಮಾತಿನ ಪಾತ್ರ ಕೊಡುವುದುಂಟೇ? ಶತ್ರುಸೈನ್ಯದ ಮೊದಲ ಸಾಲು, ಮೊದಲ ಸಾವು. ಇದಕ್ಕೆ ಪ್ರತಿಯಾಗಿ ಎರಡೂ ಕಡೆಯ ಸೈನ್ಯಕ್ಕೆ ಬೆಳಗಿನ ಇಡ್ಲಿ ಚಟ್ನಿ ಭಾವನ ಹೋಟೆಲಿನಿಂದ, ಪುಕ್ಕಟೆ. ಶತ್ರುವಿನ ಇಡ್ಲಿ ತಿಂದು, ಕೈ ತೊಳೆದು, ಅದೇ ಕೈಯಲ್ಲಿ ಕತ್ತಿ ಹಿಡಿದು ಅವನನ್ನೇ ಕೊಲ್ಲುವ ಶೌರ್ಯ ಯಾವ ಇತಿಹಾಸದಲ್ಲಿದೆ ಹೇಳಿ!

ಅವರಲ್ಲಿ ಒಂದು ನಿಯಮವಿತ್ತು. ಬಿದ್ದವನು ಸರದಾರ ಸೀಟಿ ಊದುವವರೆಗೆ ಏಳಬಾರದು. ಉಳಿದ ಹೆಣಗಳು ತುರಿಸಿಕೊಳ್ಳುತ್ತಿದ್ದವು, ಮಗ್ಗುಲಾಗುತ್ತಿದ್ದವು, ಮೊಬೈಲು ನೋಡುತ್ತಿದ್ದವು. ಭಾವ ಮಾತ್ರ ಕಲ್ಲು. ಅಂದಹಾಗೆ, ಆ ಸರದಾರನಿಗೆ ಸೀಟಿ ಊದುವುದೂ ಬರುವುದಿಲ್ಲ. ಕುಕ್ಕರಿನ ಹಾಗೆ ಅರ್ಧಕ್ಕೇ ಬುಸ್ ಎನ್ನುತ್ತದೆ. ಸೀಟಿ ಹೊಟ್ಟೆಯಿಂದ ಬರಬೇಕು. ಶಾಲೆಯ ಮೈದಾನದಲ್ಲಿ ಇಡೀ ನೌಕರಿ ಊದಿದವನು ನಾನು. ಆ ಹಿತ್ತಾಳೆಯ ಸೀಟಿ ಈಗಲೂ ಕಪಾಟಿನಲ್ಲಿದೆ.

ಆರಂಭದಲ್ಲಿ ರಕ್ತಕ್ಕೆ ಹೋಟೆಲಿನ ಟೊಮೆಟೊ ಸಾಸ್ ಬಳಿದುಕೊಳ್ಳುತ್ತಿದ್ದರು. ಒಮ್ಮೆ ಬಿದ್ದದ್ದು ಕೆಂಪಿರುವೆಯ ಸಾಲಿನ ಮೇಲೆ. ಸಿಹಿ ಬೇರೆ, ಕೇಳಬೇಕೆ? ಮನೆಗೆ ಬಂದಾಗ ಬೆನ್ನು ಹಲಸಿನ ಹಣ್ಣಿನ ಹಾಗಿತ್ತು. ಅಕ್ಕ ಬೈಯುತ್ತ ತೆಂಗಿನೆಣ್ಣೆ ಸವರುತ್ತಿದ್ದಳು. ಎದ್ದು ಬರಬಾರದಿತ್ತೇ ಎಂದು ನಾನು ಕೇಳಿದೆ.

"ಸತ್ತವನಿಗೆ ಇರುವೆ ಕಚ್ಚಿದ್ದು ಗೊತ್ತಾಗ್ತದಾ ಮಾಷ್ಟ್ರೇ?" ಎಂದರು ಭಾವ.

ಅಂದಿನಿಂದ ಬೀಟ್‌ರೂಟಿನ ರಸ. ಅದನ್ನು ಕುದಿಸಿ ಬಾಟಲಿಗೆ ತುಂಬಿಸಿ ಕೊಡುವ ಕೆಲಸ ಅಕ್ಕನದು. ಯಜಮಾನರು ಮನೆಯಲ್ಲಿಲ್ಲವೇ ಎಂದು ಪಕ್ಕದ ಮನೆಯಾಕೆ ಕೇಳಿದರೆ ಅಕ್ಕ ತಲೆಯೆತ್ತದೆ ಹೇಳುತ್ತಿದ್ದಳು: "ಸಾಯ್ಲಿಕ್ಕೆ ಹೋಗಿದ್ದಾರೆ. ಊಟಕ್ಕೆ ಬರ್ತಾರೆ."

ಇದರಲ್ಲಿ ನಿಮಗೆ ಸಿಗುವುದಾದರೂ ಏನು ಎಂದು ನಾನೊಮ್ಮೆ ಸಿಟ್ಟಿನಿಂದಲೇ ಕೇಳಿದ್ದೆ. ಭಾವ ಮರದ ಕತ್ತಿಗೆ ಬೇಗಡೆ ಅಂಟಿಸುತ್ತಿದ್ದರು.

"ಹೋಟ್ಲಲ್ಲಿ ಇಡೀ ಜನ್ಮ ಜನರೆದುರೇ ನಿಂತೆ ಮಾಷ್ಟ್ರೇ. ಯಾರಾದ್ರೂ ನನ್ನ ಮುಖ ನೋಡಿದ್ದಾರಾ? ಪ್ಲೇಟು ನೋಡಿದ್ದಾರೆ. ಅಲ್ಲಿ ನಾನು ಬೀಳುವಾಗ ಎಲ್ಲರೂ ಒಂದು ಗಳಿಗೆ ಉಸಿರು ಹಿಡೀತಾರೆ. ಅಷ್ಟು ಸಾಕು."

ಅಷ್ಟು ಸಾಕಂತೆ! ಅಷ್ಟನ್ನೂ ಉಳಿಸಲಿಲ್ಲ ಮಂಡಳಿಯ ಮಹಾನುಭಾವರು. ಮಂಡಿನೋವು ಹೆಚ್ಚಾಗಿ ಭಾವ ಹೋಟೆಲನ್ನು ಬೇರೆಯವರಿಗೆ ವಹಿಸಿದರು. ಇಡ್ಲಿ ನಿಂತಿತು. ಇಡ್ಲಿ ನಿಂತ ಮುಂದಿನ ಚಳಿಗಾಲಕ್ಕೇ ಭಾವನ ಸಾವು ಮೊದಲ ಸಾಲಿನಿಂದ ಹಿಂದಕ್ಕೆ ಸರಿಯಿತು. ಎಲ್ಲಿಗೆ? ಸಾಮಾನು ತಂದ ಟೆಂಪೋದ ಹಿಂದಕ್ಕೆ. ನಾನೂ ಅಕ್ಕನೂ ನೋಡಲು ಹೋದವರು ಕತ್ತು ಉದ್ದ ಮಾಡಿ ಮಾಡಿ ಕಂಡದ್ದು ಅವರ ಪಾದ ಮಾತ್ರ. ಟೆಂಪೋದ ಮರೆಯಲ್ಲಿ ವೀರಮರಣ ಹೊಂದಿದ ಯೋಧ ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು! ಪ್ರದರ್ಶನದ ಕೊನೆಗೆ ಸರದಾರ ಮೈಕು ಹಿಡಿದು, ಮಡಿದವರನ್ನು ಮರೆಯುವ ಸಮಾಜಕ್ಕೆ ಭವಿಷ್ಯವಿಲ್ಲ ಎಂದು ಗದ್ಗದಿತನಾಗಿ ಭಾಷಣ ಮಾಡಿದ. ಅಷ್ಟು ಹೊತ್ತಿಗೂ ಆ ಪಾದಗಳು ಟೆಂಪೋದ ಹಿಂದೆಯೇ ಇದ್ದವು. ಕುಕ್ಕರಿನ ಸೀಟಿ ಅಲ್ಲಿಯತನಕ ಕೇಳಿಸಿರಲಿಲ್ಲ.

ಈ ಸಲ ಮುತ್ತಿಗೆಗೆ ಮುಂಚೆ ಸರದಾರನ ಫೋನು ಬಂತು. "ಅಣ್ಣಾ, ಆತಾ ಆರಾಮ್ ಕರಾ." ಇನ್ನು ವಿಶ್ರಾಂತಿ ತಗೊಳ್ಳಿ ಎಂದು. ಎಂಥ ಕಾಳಜಿ! ಭಾವ ಹೂಂ ಹೂಂ ಎಂದು ಫೋನಿಟ್ಟರು. ಪೋಷಾಕನ್ನು ಹಳೆಯ ಬಟ್ಟೆಗೆ ಹಾಕಲೇ ಎಂದು ಅಕ್ಕ ಕೇಳಿದ್ದಕ್ಕೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿ ಟ್ರಂಕಿನಲ್ಲಿಟ್ಟರಂತೆ.

ಮುತ್ತಿಗೆಯ ಭಾನುವಾರ ಹನ್ನೊಂದು ಗಂಟೆ. ನಾನು ಪತ್ರಿಕೆ ಓದುವ ಹೊತ್ತು. ಕೆಳಗೆ ಗಲಾಟೆ ಕೇಳಿಸಿತು. ನಮ್ಮ ವಾಚ್‌ಮನ್, ಕಲಬುರಗಿ ಕಡೆಯವನು, ಓಡುತ್ತ ಮೇಲೆ ಬಂದ. "ಸರ, ನಿಮ್ಮ ಭಾವನೋರು ಗಾಡಿ ನಿಲ್ಲಿಸೋ ಜಾಗದಾಗ ಬಿದ್ದಾರ್ರಿ. ಎಷ್ಟ್ ಕರದ್ರೂ ಏಳವಲ್ಲರು."

ಇಳಿದು ಹೋದೆ. ಎರಡು ಕಾರುಗಳ ನಡುವೆ ಭಾವ ಅಂಗಾತ ಬಿದ್ದಿದ್ದರು. ಪೂರ್ತಿ ಪೋಷಾಕು, ಪಕ್ಕದಲ್ಲಿ ಕತ್ತಿ, ಎದೆಯ ಮೇಲೆ ಕೆಂಪು. ಸೊಸೈಟಿಯ ಸೆಕ್ರೆಟರಿ ಆಂಬುಲೆನ್ಸಿಗೆ ಫೋನು ಹಚ್ಚುತ್ತಿದ್ದ. ಒಬ್ಬಿಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅಕ್ಕ ಬಗ್ಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿ ನೆಟ್ಟಗಾದಳು.

"ಏನಿಲ್ಲ. ಬೀಟ್‌ರೂಟು," ಎಂದಳು. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅವರು ಹಾಗೆಲ್ಲ ಏಳುವುದಿಲ್ಲ ಮಾರಾಯ. ನಿನಗೆ ಗೊತ್ತುಂಟಲ್ಲ," ಎಂದಳು.

ನಾನು ಮೆಟ್ಟಿಲು ಹತ್ತಿ ಕಪಾಟು ತೆಗೆದೆ.

ಮತ್ತೆ ಕೆಳಗೆ ಬಂದಾಗ ಸೆಕ್ರೆಟರಿಯ ಫೋನು ಕಿವಿಯಿಂದ ಇಳಿದಿತ್ತು. ಚಿತ್ರ ತೆಗೆಯುವವರ ಕೈಯೂ ಇಳಿದಿತ್ತು. ಎಲ್ಲರೂ ಭಾವನ ಮುಖವನ್ನೇ ನೋಡುತ್ತಿದ್ದರು. ಸೀಟಿ ತುಟಿಯ ಹತ್ತಿರ ಒಯ್ದವನು ಹಾಗೇ ನಿಂತೆ. ಯಾವುದನ್ನೂ ತಡಮಾಡಿ ಗೊತ್ತಿಲ್ಲದವನು ಅವತ್ತು ತಡಮಾಡಿದೆ. ನೋಡಲಿ ಎನಿಸಿತು. ಇನ್ನೂ ಸ್ವಲ್ಪ ನೋಡಲಿ.

ಆಮೇಲೆ ಹೊಟ್ಟೆಯಿಂದ ಊದಿದೆ. ಕಟ್ಟಡದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು.

ಭಾವ ಕಣ್ಣು ತೆರೆದರು. ಕೈ ಕೊಟ್ಟೆ. ಮಂಡಿ ಲಟಕ್ಕೆಂದಿತು. ನನ್ನ ಭುಜ ಹಿಡಿದು ನಿಂತು, ಬೆನ್ನಿನ ಧೂಳು ಕೊಡವಿಕೊಳ್ಳುತ್ತ, ನನಗಷ್ಟೇ ಕೇಳುವಂತೆ ಕೇಳಿದರು:

"ಹೇಗಿತ್ತು ಮಾಷ್ಟ್ರೇ?"

"ಎಡಗೈ ಸ್ವಲ್ಪ ಅಲ್ಲಾಡಿತು ಭಾವ," ಎಂದೆ. "ಬರುವ ಭಾನುವಾರ ಸರಿಮಾಡಿಕೊಳ್ಳಿ. ಹನ್ನೊಂದಕ್ಕೆ, ಇಲ್ಲೇ."