ಗಿರಣಿ ಹಾಲ್ಟಿನಲ್ಲಿ ತಲೆ ಎಣಿಕೆ

ರಾಯಚೂರಿನ ಹೊರಗೆ, ಹತ್ತಿ ಗಿರಣಿಯ ಎದುರಿಗೆ, ಗಿರಣಿಯವರೇ ಅರ್ಜಿ ಹಾಕಿ ತೆರೆಸಿಕೊಂಡ ಪುಟ್ಟ ರೈಲು ನಿಲ್ದಾಣವಿತ್ತು. ಅದರ ಹೆಸರು ಗಿರಣಿ ಹಾಲ್ಟ್. ಅಲ್ಲಿ ಕಮಿಷನ್ ಮೇಲೆ ಟಿಕೆಟ್ ಮಾರುತ್ತಿದ್ದವನು ಮಾಳಿಂಗಪ್ಪ. ಗಿರಣಿಯ ಆಳುಗಳು ಮಾತ್ರ ರಾಯಚೂರಿನಿಂದ ಹಳಿಗುಂಟ ನಡೆದೇ ಬರುತ್ತಿದ್ದರು. ಟಿಕೆಟ್ ಕಪಾಟಿನಲ್ಲಿ ಗುಬ್ಬಿ ಸಂಸಾರ ಹೂಡಿತ್ತು.

೧೯೭೮ರ ಒಂದು ಸೋಮವಾರ ಬೆಳಿಗ್ಗೆ ರೈಲ್ವೆ ಸಾಹೇಬರೊಬ್ಬರು ಬಂದಿಳಿದರು. ಇಂದು ಐವತ್ತು ಜನ ಹತ್ತದಿದ್ದರೆ ಹಾಲ್ಟಿಗೆ ಬೀಗ ಎಂದು ಹೇಳಿ, ಪೆನ್ಸಿಲ್ ಚೂಪು ಮಾಡಿಕೊಂಡು ಕುಳಿತರು. ಮಾಳಿಂಗಪ್ಪನ ಮನೆಯ ಒಲೆ ಉರಿಯುತ್ತಿದ್ದುದೇ ಆ ಟಿಕೆಟ್ ಕಿಟಕಿಯಿಂದ. ಗಿರಣಿಗೆ ಓಡಿ, ಹೆಣ್ಣಾಳುಗಳ ಹಿರಿಯಳಾದ ಬಾಲಮ್ಮನಿಗೆ ಕೈಮುಗಿದ.

"ಯವ್ವಾ, ಇವತ್ತೊಂದಿನ ಎಲ್ಲಾರೂ ಟಿಕೆಟ್ ತಗೊಂಡು ಗಾಡಿ ಹತ್ರೆವ್ವಾ. ಇಲ್ಲಂದ್ರ ನನ್ನ ಬದುಕು ಬೀದಿಗೆ ಬೀಳ್ತದ."

"ಅಷ್ಟ ಹೌದಿಲ್ಲೋ? ಹತ್ತರ ಗಾಡಿಗೆ ರಾಯಚೂರಿಗೆ ಹೋಗಿ ಹನ್ನೊಂದರ ಗಾಡಿಗೆ ತಿರುಗಿ ಬರ್ತೀವಿ. ಸಾಹುಕಾರ್ರು ಲಿಂಗಪೂಜಿ ಮುಗಿಸಿ ಬರೂದು ಹನ್ನೆರಡಕ್ಕ."

ಚಹಾ ಅಂಗಡಿಯ ಸತ್ತಾರ್ ಸಾಬ್ ಸುಮ್ಮನಿರಬೇಕಲ್ಲ. "ಹೆಂಗಸರಷ್ಟ ಯಾಕ? ಗಂಡಾಳುಗಳನ್ನೂ ಕರಿ. ನೂರು ದಾಟಿದ್ರ ನೆರಳಿಗೆ ಶೆಡ್ಡೂ ಹಾಕ್ತಾರ," ಎಂದ. ಮಾಳಿಂಗಪ್ಪ ವಾಚ್‌ಮನ್‌ನನ್ನೂ ಬಿಡಲಿಲ್ಲ.

ನೂರಾ ಹನ್ನೆರಡು ಜನ ಹೋಗಿಬರುವ ಟಿಕೆಟ್ ಪಡೆದು ಹತ್ತಿದರು. "ಇಂಥ ಹಾಲ್ಟ್ ಮುಚ್ಚೋದು ಪಾಪ ಕಣ್ರೀ," ಎಂದು ಸಾಹೇಬರು ಹಾಗೆಯೇ ಬರೆದೂಬಿಟ್ಟರು. ಮಾಳಿಂಗಪ್ಪನಿಗೆ ಸ್ವರ್ಗ ಮೂರೇ ಗೇಣು.

ಹನ್ನೊಂದರ ಗಾಡಿ ಬರಲಿಲ್ಲ. ಹನ್ನೆರಡಕ್ಕೆ ಸಾಹುಕಾರ ಶಂಭುಲಿಂಗಪ್ಪನವರು ಮಾತ್ರ ಬಂದರು. ಗಿರಣಿಯಲ್ಲಿ ನರಪಿಳ್ಳೆಯಿಲ್ಲ. ನೆಟ್ಟಗೆ ಹಾಲ್ಟಿಗೇ ಬಂದು ಕೇಳಿದರು: "ನನ್ನ ಆಳುಗಳು ಎಲ್ಲಿ ಹೋದ್ವಪಾ?"

ಮಾಳಿಂಗಪ್ಪ ಟಿಕೆಟ್ ಕಿಟಕಿಯ ಹಿಂದಕ್ಕೆ ಸರಿದ. ಸಾಹೇಬರೇ ಹೆಮ್ಮೆಯಿಂದ ಪಟ್ಟಿ ತೋರಿಸಿದರು. "ಎಲ್ಲರೂ ನಮ್ಮ ಗಾಡೀಲೇ ಹೋದ್ರು. ನೂರಾ ಹನ್ನೆರಡು ಜನ."

"ಆಳು ತರಲಿ ಅಂತ ಹಾಲ್ಟ್ ಬೇಡಿದ್ದೆ, ಒಯ್ಯಲಿ ಅಂತಲ್ಲ. ಒಂದು ಹಾಳಿ ಕೊಡ್ರಿ," ಎಂದ ಸಾಹುಕಾರರು, ನಮಗೆ ಈ ನಿಲ್ದಾಣ ಬೇಡ ಎಂದು ಅಲ್ಲೇ ಬರೆದು ರುಜು ಹಾಕಿದರು. ಕೇಳಿದವರೇ ಬೇಡವೆಂದ ಮೇಲೆ ಸಾಹೇಬರು ತಮ್ಮ ವರದಿ ಹರಿದರು.

ಗಾಡಿ ಬಂದದ್ದು ನಾಲ್ಕು ಗಂಟೆಗೆ. ಬಾಲಮ್ಮ ನಗುತ್ತ ಇಳಿದಳು.

"ದಿನಾ ನಡಕೊಂತ ಬರಾವ್ರು, ಇವತ್ತೇನಾಗಿತ್ತು ನಿಮಗ?" ಎಂದ ಮಾಳಿಂಗಪ್ಪ, ಅಳುವುದೊಂದು ಬಾಕಿ.

"ಟಿಕೆಟ್ ತಗೊಂಡ ಮ್ಯಾಲ ನಡೀತಾರೇನೋ?"

ಅವನು ನಡೆದದ್ದೆಲ್ಲ ಹೇಳಿದ. ಬಾಲಮ್ಮ ಅವನ ಬೆನ್ನು ಸವರಿದಳು.

"ನಮ್ಮ ಚಿಂತಿ ಮಾಡಬ್ಯಾಡೋ ತಮ್ಮಾ. ಹಾಲ್ಟ್ ಇಲ್ಲಂದ್ರ ನಮಗೇನೂ ತ್ರಾಸಿಲ್ಲ. ನಾಳಿಂದ ಮತ್ತ ಹಳಿಗುಂಟ ನಡಕೊಂತ ಬರ್ತೀವಿ."